ಪಟಕ್ಕೆ ಹಾರ, ಬೇಡಿಕೆಗೆ ಮಣ್ಣು

ಜನವರಿಯ ಮೂರನೆಯ ಸೋಮವಾರ ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗರ ಹೆಸರಿನ ಸರ್ಕಾರಿ ರಜೆ. ಅಂದು ಕಾರ್ಖಾನೆಯ ಧಣಿಗಳೂ ಅಧಿಕಾರಸ್ಥರೂ ವೇದಿಕೆಯೇರಿ, ಕನಸು ಕಂಡ ಶಾಂತಮೂರ್ತಿಯೆಂದು ಅವರನ್ನು ಹೊಗಳುತ್ತಾರೆ. ಹೊಗಳಲಿ, ನಮ್ಮ ತಕರಾರಿಲ್ಲ. ಆದರೆ ಕಿಂಗರು ಯಾವ ಕೆಲಸಕ್ಕೆ ಹೋಗಿದ್ದಾಗ ಸತ್ತರು ಎಂಬ ಮಾತನ್ನು ಅವರಲ್ಲಿ ಎಷ್ಟು ಮಂದಿ ಎತ್ತುತ್ತಾರೆ?

1968ರ ಫೆಬ್ರವರಿ 1ರಂದು ಮೆಂಫಿಸ್ ನಗರದಲ್ಲಿ ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಕೂಲಿಕಾರರು ಸತ್ತರು. 12ರಂದು ಸುಮಾರು 1,300 ಮಂದಿ ಕಪ್ಪು ಕಾರ್ಮಿಕರು ಮುಷ್ಕರ ಹೂಡಿದರು. ಕೂಲಿ ಹೆಚ್ಚಬೇಕು, ಸಂಘಕ್ಕೆ ಮಾನ್ಯತೆ ಬೇಕು ಎಂದರು. ‘ನಾನು ಮನುಷ್ಯ’ ಎಂಬ ಫಲಕ ಹಿಡಿದು ಬೀದಿಗಿಳಿದರು. ಅವರ ಬೆಂಬಲಕ್ಕೆ ಹೋಗಿದ್ದ ಕಿಂಗರು ಏಪ್ರಿಲ್ 4ರಂದು ಅಲ್ಲಿಯೇ ಗುಂಡಿಗೆ ಬಲಿಯಾದರು. ಆಗ ಅವರಿಗೆ 39 ವರ್ಷ.

ಇಂದು ಕೊಂಡಾಡುವ ಸರ್ಕಾರ ಅಂದು ಮಾಡಿದ್ದೇನು? 1964ರಲ್ಲಿ ನೊಬೆಲ್ ಶಾಂತಿ ಬಹುಮಾನ ಬಂದ ಮೇಲೂ ಗುಪ್ತ ಪೋಲೀಸರು ಅವರ ಟೆಲಿಫೋನಿಗೆ ಕಿವಿಗೊಟ್ಟು ಕೂತಿದ್ದರು. 1967ರಲ್ಲಿ ವಿಯೆಟ್ನಾಂ ಯುದ್ಧವನ್ನು ಖಂಡಿಸಿದಾಗ ದೊಡ್ಡ ದೊಡ್ಡ ಪತ್ರಿಕೆಗಳೇ ಅವರ ಮೇಲೆ ಹರಿಹಾಯ್ದವು.

1963ರ ವಾಷಿಂಗ್ಟನ್ ಮೆರವಣಿಗೆಯ ಹೆಸರೇ ‘ಉದ್ಯೋಗ ಮತ್ತು ಸ್ವಾತಂತ್ರ್ಯಕ್ಕಾಗಿ’ ಎಂದಿತ್ತು. ಗಂಟೆಗೆ 2 ಡಾಲರ್ ಕನಿಷ್ಠ ಕೂಲಿ ಅದರ ಬೇಡಿಕೆಗಳಲ್ಲೊಂದು. ಈಗ ಕನಸಿನ ಮಾತು ಶಾಲೆಯ ಮಕ್ಕಳಿಗೂ ಬಾಯಿಪಾಠ. ಕೂಲಿಯ ಮಾತು ಯಾರಿಗೂ ನೆನಪಿಲ್ಲ. ಕಾರಣ ಸರಳ. ಕನಸನ್ನು ಹೊಗಳಲು ಕಾಸು ಖರ್ಚಿಲ್ಲ. ಕೂಲಿ ಕೊಡಲು ಗಂಟು ಬಿಚ್ಚಬೇಕು.

2018ರಲ್ಲಿ ಒಂದು ಮೋಟಾರು ಕಂಪನಿ ತನ್ನ ಟ್ರಕ್ಕು ಮಾರಲು ಕಿಂಗರ ಉಪದೇಶವೊಂದರ ಧ್ವನಿಯನ್ನೇ ಜಾಹೀರಾತಿಗೆ ಬಳಸಿತು. ಜಾಹೀರಾತುಗಳಿಗೆ ಮರುಳಾಗಿ ಶಕ್ತಿ ಮೀರಿ ಕಾರು ಕೊಳ್ಳಬೇಡಿ ಎಂದು ಅವರು ಎಚ್ಚರಿಸಿದ್ದು ಅದೇ ಉಪದೇಶದಲ್ಲಿ! ಸತ್ತವರ ಬಾಯಿಂದ ಬೇಕಾದ ಮಾತು ಹೊರಡಿಸುವುದು ಎಷ್ಟು ಸುಲಭ ನೋಡಿ.

ಕಿಂಗರ ಕೊಲೆಯಾಗಿ ಹನ್ನೆರಡು ದಿನಕ್ಕೆ, ಏಪ್ರಿಲ್ 16ರಂದು, ಮೆಂಫಿಸ್ ನಗರಾಡಳಿತ ಸಂಘವನ್ನು ಒಪ್ಪಿಕೊಂಡು ಕೂಲಿ ಏರಿಸಿತು. ಅವರಿಗೆ ಸಂದ ನಿಜವಾದ ಶ್ರದ್ಧಾಂಜಲಿ ಅದು; ಅದನ್ನು ಗಳಿಸಿದವರು ಬಿಸಿಲಲ್ಲಿ ನಿಂತ ಕಸದ ಲಾರಿಯ ಕೂಲಿಕಾರರು.

ಬಾಂಧವರೇ, ಹೋರಾಟಗಾರನ ಪಟಕ್ಕೆ ದೊಡ್ಡವರು ಹಾರ ಹಾಕುವಾಗ ನಾವೂ ಚಪ್ಪಾಳೆ ತಟ್ಟೋಣ. ತಟ್ಟಿದ ಮೇಲೆ ಒಂದು ಪ್ರಶ್ನೆ ಕೇಳೋಣ: ಸ್ವಾಮಿ, ಇವರು ಕೇಳಿದ್ದೇನು? ಅದನ್ನು ಕೊಟ್ಟಿರಾ?