ಇಂಜಿನ್‌ಗೆ ಬೈಬೇಡ್ರೋ (ಭಾಗ 3)

ಜಡಿಗೇನಹಳ್ಳಿಯಿಂದ ಹೊಸಕೋಟೆಗೆ ಹೋಗ್ತಾ ನಮ್ಮ ಕ್ಲಾಸಿನವನ ಆರ್‌ಎಕ್ಸ್ 100 ಸೀಜ್ ಆಯ್ತು. ಹಿಂದಿನ ಚಕ್ರ ಲಾಕ್. ಹಿಂದೆ ಲಾರಿ ಇದ್ದಿದ್ರೆ? ಎಲ್ಲರೂ ಹೇಳಿದ್ದು ಒಂದೇ: "ಹಳೇ ಇಂಜಿನ್, ಸತ್ತೋಯ್ತು." ಸುಳ್ಳು ಕಣ್ರೋ!

1985ರಲ್ಲಿ ಬಂದ ಗಾಡಿ, ಇನ್ನೂ ಓಡ್ತಿದೆ. ಕೆಡಿಸಿದ್ದು ನಾವು. ಏರ್ ಫಿಲ್ಟರ್ ಬಾಕ್ಸ್ ಕಿತ್ತು ಕೋನ್ ಫಿಲ್ಟರ್, ಸೌಂಡ್‌ಗೆ ಬೇರೆ ಸೈಲೆನ್ಸರ್. ಕಾರ್ಬುರೇಟರ್ ಜೆಟ್ ಮಾತ್ರ ಹಳೇದೇ! ಗಾಳಿ ಜಾಸ್ತಿ, ಪೆಟ್ರೋಲ್ ಅಷ್ಟೇ. ಹೀಟಾಗಿ ಪಿಸ್ಟನ್ ಹಿಡ್ಕೊಳ್ಳದೆ ಇನ್ನೇನು? (ನಂದೂ ಒಂದ್ಸಲ ಹಿಂಗೇ ಆಗಿತ್ತು, ನಗಬೇಡಿ.)

ಪಾರ್ಟ್ ಹಾಕಿದ್ಮೇಲೆ ಪಿಕಪ್ ಬಿದ್ರೆ ಪ್ಲಗ್ ಬಿಚ್ಚಿ ನೋಡಿ. ತುದಿ ಕಾಫಿ ಬಣ್ಣ ಇದ್ರೆ ಸರಿ, ಬೆಳ್ಳಗಿದ್ರೆ ಪೆಟ್ರೋಲ್ ಸಾಲ್ತಿಲ್ಲ. ಮೆಕ್ಯಾನಿಕ್ ಅಣ್ಣನ ಮೇಲೆ ಕೂಗಾಡೋ ಮುಂಚೆ ಹಳೇ ಪಾರ್ಟ್ಸ್ ವಾಪಸ್ ಹಾಕ್ಸಿ.

ಜೆಟ್ ನಂಬರ್ ಎಲ್ಲಿರತ್ತೆ ಅಂತ ನಾಳೆ ಫೋಟೋ ಹಾಕ್ತೀನಿ.