ಮೂರಕ್ಷರದ ನಂಬಿಕೆ, ಎಂಟು ಪಟ್ಟು ಸಕ್ಕರೆ

2024ರ ಏಪ್ರಿಲ್ ತಿಂಗಳ ಒಂದು ಶನಿವಾರ. ಅಕ್ಕನ ಮಗನಿಗೆ ಆಗ ಎರಡು ವರ್ಷ. ಬೆಳಗ್ಗೆಯಿಂದ ವಾಂತಿ, ಭೇದಿ. ಅಕ್ಕ ಫೋನ್ ಮಾಡಿ "ಬರ್ತಾ ಒಂದ್ನಾಲ್ಕು ಓ.ಆರ್.ಎಸ್. ತಗೊಂಡ್ ಬಾರೋ" ಅಂದಳು. ದಾರಿಯಲ್ಲಿ ಸಿಕ್ಕ ಮೆಡಿಕಲ್ ಶಾಪಿನಲ್ಲಿ ಕೇಳಿದೆ. ಅಂಗಡಿಯವನು ಫ್ರಿಜ್ಜಿನ ಬಾಗಿಲು ತೆಗೆದು ನಾಲ್ಕು ಟೆಟ್ರಾ ಪ್ಯಾಕ್ ಕೊಟ್ಟ. ಮೇಲೆ ಚೆಂದದ ಹಣ್ಣಿನ ಚಿತ್ರ, ದಪ್ಪ ಅಕ್ಷರದಲ್ಲಿ ಓ.ಆರ್.ಎಸ್. ಅಂತ ಹೆಸರು. ಆ ಮೂರಕ್ಷರದ ಜೊತೆ ಇನ್ನೇನೋ ಅಂಟಿಕೊಂಡಿತ್ತು, ನಾನು ಗಮನಿಸಲಿಲ್ಲ. ಗಮನಿಸಿದ್ದರೂ ಕಂಪನಿಯ ಹೆಸರಿರಬೇಕು ಅಂತ ಸುಮ್ಮನಾಗುತ್ತಿದ್ದೆ.

ಮನೆಯಲ್ಲಿ ಅಮ್ಮ ಇದ್ದಳು. "ಗಂಜಿ ತಿಳಿಗೆ ಚಿಟಿಕೆ ಉಪ್ಪು ಹಾಕಿ ಕುಡಿಸೇ, ನಿಮಗೆಲ್ಲಾ ನಾನು ಅದೇ ಕೊಡ್ತಿದ್ದಿದ್ದು" ಅಂತ ಅಕ್ಕನಿಗೆ ಹೇಳ್ತಾನೇ ಇದ್ದಳು. ನಾನು ಬಿಡಬೇಕಲ್ಲ? "ಸುಮ್ನಿರಮ್ಮಾ, ಇದು ಸೈಂಟಿಫಿಕ್ಕಾಗಿ ಮಾಡಿರ್ತಾರೆ" ಅಂದೆ. ಇಂಜಿನಿಯರ್ ಮಗ ಹೇಳಿದ ಮೇಲೆ ಮುಗೀತು. ಮಗು ಇಷ್ಟಪಟ್ಟು ಕುಡಿಯಿತು. ಸಿಹಿಯಾಗಿದ್ದರೆ ಯಾವ ಮಗು ಬೇಡ ಅನ್ನುತ್ತೆ?

ಸಂಜೆ ಹೊತ್ತಿಗೆ ಭೇದಿ ಇನ್ನೂ ಜಾಸ್ತಿ. ಕಣ್ಣು ಒಳಗೆ ಹೋಗಿತ್ತು, ಅತ್ತರೆ ಕಣ್ಣೀರು ಬರುತ್ತಿರಲಿಲ್ಲ. ಆಸ್ಪತ್ರೆಗೆ ಓಡಿದೆವು, ಡ್ರಿಪ್ ಹಾಕಿದರು. ಏನು ಕೊಟ್ಟಿರಿ ಅಂತ ಡಾಕ್ಟರು ಕೇಳಿದಾಗ ಖಾಲಿ ಪ್ಯಾಕ್ ತೋರಿಸಿದೆ. ಅವರು ಅದನ್ನು ತಿರುಗಿಸಿ ಹಿಂಬದಿಯ ಒಂದು ಸಾಲಿನ ಮೇಲೆ ಬೆರಳಿಟ್ಟರು. ಇದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಓ.ಆರ್.ಎಸ್. ಅಲ್ಲ, ಅನ್ನೋ ಅರ್ಥದ ಸಾಲು ಅದು. "ಇದೊಂದರಿಂದಲೇ ಹೀಗಾಯ್ತು ಅಂತ ನಾನು ಹೇಳಲ್ಲ. ಆದ್ರೆ ಇದರಿಂದ ಉಪಯೋಗ ಅಂತೂ ಆಗಿಲ್ಲ" ಅಂದರು.

ಮಗು ಎರಡು ದಿನಕ್ಕೆ ಸರಿಹೋಯಿತು. ನನ್ನ ಮರ್ಯಾದೆ ಇನ್ನೂ ಸರಿಹೋಗಿಲ್ಲ, ಬಿಡಿ :)

ಆಮೇಲೆ ಕೂತು ಲೆಕ್ಕ ಹಾಕಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಬಹಳ ಸರಳ. ಒಂದು ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ, ಸೋಡಿಯಂ ಕ್ಲೋರೈಡ್ ಅಂದರೆ ಅಡುಗೆ ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ನಾನು ತಂದ ಪ್ಯಾಕಿನಲ್ಲಿ 100 ಮಿಲಿಲೀಟರಿಗೆ ಸಕ್ಕರೆ 11 ಗ್ರಾಂ ಅಂತ ಬರೆದಿತ್ತು. ಅಂದರೆ ಲೀಟರಿಗೆ 110 ಗ್ರಾಂ. ಹೆಚ್ಚೂಕಮ್ಮಿ ಎಂಟು ಪಟ್ಟು!

ಸಕ್ಕರೆ ಸ್ವಲ್ಪ ಜಾಸ್ತಿಯಾದರೆ ಏನಂತೆ ಅನ್ನಬಹುದು. ಓ.ಆರ್.ಎಸ್. ಕೆಲಸ ಮಾಡೋದೇ ಅಳತೆಯ ಮೇಲೆ. ಕರುಳು ಗ್ಲೂಕೋಸ್ ಮತ್ತು ಸೋಡಿಯಂ ಎರಡನ್ನೂ ಜೊತೆಜೊತೆಗೇ ಒಳಗೆ ಎಳೆದುಕೊಳ್ಳುತ್ತೆ, ಅವುಗಳ ಹಿಂದೆ ನೀರು ಹೋಗುತ್ತೆ. ಸಕ್ಕರೆ ಮಿತಿಮೀರಿದರೆ ಹೀರದೆ ಉಳಿದಿದ್ದು ಉಲ್ಟಾ ಮೈಯಲ್ಲಿರೋ ನೀರನ್ನೇ ಕರುಳಿಗೆ ಎಳೆಯುತ್ತೆ. ಉಪ್ಪಿನಕಾಯಿ ಹಾಕುವಾಗ ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಮಾರನೇ ದಿನ ಜಾಡಿ ತುಂಬಾ ನೀರು ಬಿಟ್ಟಿರುತ್ತಲ್ಲ, ತತ್ವ ಅದೇ. ಮೊದಲೇ ನೀರು ಕಳೆದುಕೊಂಡು ಸೊರಗಿರೋ ಮಗುವಿನ ಹೊಟ್ಟೆಯಲ್ಲಿ ಈ ಉಪ್ಪಿನಕಾಯಿ ಪ್ರಯೋಗ ಬೇಕಾ?

ಈ ಮೂರಕ್ಷರದ ಮೇಲೆ ನಮಗೆ ಇಷ್ಟು ನಂಬಿಕೆ ಎಲ್ಲಿಂದ ಬಂತು? ಯಾವ ಕಂಪನಿಯ ಜಾಹೀರಾತಿನಿಂದಲೂ ಅಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಕಡೆ ಬಂದು ತುಂಬಿಕೊಂಡಾಗ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಡಾ. ದಿಲೀಪ್ ಮಹಲನಬಿಸ್ ಅವರ ಬಳಿ ಇದ್ದ ಸಲೈನ್ ಸಾಲದೇ ಹೋಯಿತು. ಉಪ್ಪು, ಗ್ಲೂಕೋಸ್ ಅಳತೆ ಮಾಡಿ ಪೊಟ್ಟಣ ಕಟ್ಟಿಸಿ, ಡ್ರಮ್ಮುಗಳಲ್ಲಿ ಕದಡಿ, ಜನರಿಗೆ ಕುಡಿಸಿಬಿಟ್ಟರು. ನೂರಕ್ಕೆ ಮೂವತ್ತು ಜನ ಸಾಯುತ್ತಿದ್ದ ಕಡೆ ಸಾವಿನ ಪ್ರಮಾಣ ನಾಲ್ಕಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು, 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ಅವರಂಥವರೂ, ಮನೆಮನೆಗೆ ಪೊಟ್ಟಣ ಹಂಚಿದ ಆಶಾ ಕಾರ್ಯಕರ್ತೆಯರೂ ಕಟ್ಟಿದ ನಂಬಿಕೆ ಇದು. ಅದನ್ನು ಯಾರೋ ಜ್ಯೂಸಿನ ಡಬ್ಬಿಗೆ ಅಂಟಿಸಿ ಮಾರಿದರು.

ಅದೂ ಕದ್ದುಮುಚ್ಚಿ ಅಲ್ಲ, ಅನುಮತಿ ಪಡೆದೇ! ಆ ಒಂದು ಸಾಲು ಹಾಕಿದರೆ ಹೆಸರಿನೊಳಗೆ ಓ.ಆರ್.ಎಸ್. ಇರಬಹುದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2022ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತ್ತು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ಸುಮಾರು ಎಂಟು ವರ್ಷ ಗುದ್ದಾಡಿದರು. ಕೊನೆಗೆ 2025ರ ಅಕ್ಟೋಬರ್ 14ರಂದು ಪ್ರಾಧಿಕಾರ ತನ್ನ ಹಳೆಯ ಅನುಮತಿಗಳನ್ನು ವಾಪಸ್ ತೆಗೆದುಕೊಂಡು, ಆ ಹೆಸರನ್ನು ಹಿಂದೆ ಮುಂದೆ ಏನೇ ಸೇರಿಸಿದರೂ ಪಾನೀಯಗಳ ಮೇಲೆ ಬಳಸುವಂತಿಲ್ಲ ಅಂತ ಆದೇಶ ಹೊರಡಿಸಿತು. ಕೆಲವು ಕಂಪನಿಗಳು ದೆಹಲಿ ಹೈಕೋರ್ಟಿನ ಮೆಟ್ಟಿಲೂ ಹತ್ತಿದವು.

ಕಂಪನಿಗಳ ಪರವಾಗಿ ವಾದ ಮಾಡುವವರು ಹೇಳೋದು ಒಂದೇ. "ಹಿಂದೆ ಬರೆದಿದ್ದೇವಲ್ಲ, ಓದಿಕೊಳ್ಳೋದು ಗ್ರಾಹಕರ ಜವಾಬ್ದಾರಿ." ನನ್ನ ಕೆಲಸದ ಭಾಷೆಯಲ್ಲಿ ಹೇಳ್ತೀನಿ. ಒಂದು ಫಂಕ್ಷನ್‌ಗೆ 'ಸೇವ್' ಅಂತ ಹೆಸರಿಟ್ಟು, ಒಳಗೆ ಡಿಲೀಟ್ ಮಾಡೋ ಕೋಡ್ ಬರೆದು, ಮೇಲೊಂದು ಕಾಮೆಂಟಿನಲ್ಲಿ "ಇದು ನಿಜವಾದ ಸೇವ್ ಅಲ್ಲ" ಅಂತ ಹಾಕಿದರೆ ಯಾವ ಕೋಡ್ ರಿವ್ಯೂನಲ್ಲಾದರೂ ಪಾಸಾಗುತ್ತಾ? ಮೊದಲು ಹೆಸರು ಬದಲಾಯಿಸಪ್ಪಾ ಅಂತಾರೆ. ಸುಸ್ತಾದ ದೊಡ್ಡವರಿಗೆ ಮಾಡಿದ ಜ್ಯೂಸ್ ಅಂತಾದರೆ ಜ್ಯೂಸ್ ಅಂತಲೇ ಕರೆಯಿರಿ, ಯಾರು ಬೇಡ ಅಂದರು? ಹೆಸರನ್ನೇ ಸುಳ್ಳು ಮಾಡಿಸೋ ಸಾಲು ಬೇಕಾಗಿದೆ ಅಂದರೆ ಹೆಸರೇ ಸುಳ್ಳು ಅಂತ ಅವರೇ ಒಪ್ಪಿಕೊಂಡ ಹಾಗಲ್ಲವೇ?

ಇದು ಒಂದೇ ಉದಾಹರಣೆ ಅಲ್ಲ. 'ಹೆಲ್ತ್ ಡ್ರಿಂಕ್' ಅನ್ನೋದಕ್ಕೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ವ್ಯಾಖ್ಯೆಯೇ ಇಲ್ಲ. ಬೋರ್ನ್‌ವಿಟಾದಂಥ ಪಾನೀಯಗಳನ್ನು ಆ ವಿಭಾಗದಿಂದ ತೆಗೆಯಿರಿ ಅಂತ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಹೇಳಿದ್ದು 2024ರ ಏಪ್ರಿಲ್‌ನಲ್ಲಿ. ಸಾಂದ್ರೀಕರಿಸಿದ ರಸಕ್ಕೆ ಮತ್ತೆ ನೀರು ಬೆರೆಸಿ, ಮೇಲೆ ನೂರಕ್ಕೆ ನೂರು ಹಣ್ಣಿನ ರಸ ಅಂತ ಬರೆಯಬೇಡಿ ಅಂತ ಪ್ರಾಧಿಕಾರ ಹೇಳಿದ್ದು ಅದೇ ವರ್ಷ ಜೂನ್‌ನಲ್ಲಿ. ಎಲ್ಲದರ ಕಥೆಯೂ ಒಂದೇ. ದೊಡ್ಡಕ್ಷರ ಮಾರುತ್ತೆ, ಸಣ್ಣಕ್ಷರ ಕಂಪನಿಯನ್ನು ಕಾಪಾಡುತ್ತೆ. ಹಿಂದೆ ಇನ್ನೊಂದು ಸಾಲು ಸೇರಿಸಿದರೆ ಇದು ಸರಿಹೋಗಲ್ಲ. ಮುಂದೆ ಬರೆದಿದ್ದು ನಿಜ ಇರಬೇಕು, ಅಷ್ಟೇ. ಇಂಗ್ಲಿಷ್ ಓದಲು ಬಾರದ ನಮ್ಮಮ್ಮ ಚಿತ್ರ ನೋಡಿಯೇ ಕೊಳ್ಳೋದು. ಓದಲು ಬರುವ ನಾನೂ ಮಗು ಅಳುವಾಗ ಹಿಂಬದಿ ತಿರುಗಿಸಲಿಲ್ಲ.

ಕೊನೆಗೆ ಒಂದೆರಡು ಉಪಯೋಗದ ಮಾತು. ಓ.ಆರ್.ಎಸ್. ಔಷಧಿ, ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿದೆಯಾ ನೋಡಿ. ಆಹಾರ ಪ್ರಾಧಿಕಾರದ ಲಾಂಛನ ಮತ್ತು 14 ಅಂಕಿಯ ಲೈಸೆನ್ಸ್ ನಂಬರ್ ಇದ್ದರೆ ಅದು ಆಹಾರ, ಔಷಧಿಯಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಪೊಟ್ಟಣ ಪುಕ್ಕಟೆ ಸಿಗುತ್ತೆ. ಏನೂ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬಾರದು. ಮಗು ಮಂಕಾದರೆ, ಮೂತ್ರ ನಿಂತರೆ ಕಾಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಅಮ್ಮ ಇವತ್ತಿಗೂ ಆ ವಿಷಯ ಎತ್ತಿದರೆ "ಸೈಂಟಿಫಿಕ್ಕು" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. ನಾನು ತೆಪ್ಪಗಿರುತ್ತೇನೆ.

ನಿಮ್ಮ ಮನೆ ಫ್ರಿಜ್ಜಿನಲ್ಲಿರೋ ಡಬ್ಬಿ ಯಾವತ್ತಾದರೂ ತಿರುಗಿಸಿ ನೋಡಿದ್ದೀರಾ?