ಒಂದು ತೂತಿನ ಪರವಾಗಿ

ಹೊಸ ಫೋನು ಕೊಳ್ಳಲು ಹೋದವನು ಅಂಗಡಿಯ ಹುಡುಗನನ್ನು ಕೇಳಿದೆ: ‘ಇದರಲ್ಲಿ ಇಯರ್‌ಫೋನ್ ಸಿಕ್ಕಿಸೋದು ಎಲ್ಲಪ್ಪಾ?’ ಅವನು ಫೋನನ್ನು ತಿರುಗಿಸಿಯೂ ನೋಡಲಿಲ್ಲ. ‘ಈಗ ಯಾರು ಸಾರ್ ವೈರ್ ಹಾಕ್ಕೊಳ್ತಾರೆ?’ ಎಂದ. ಮಾತಿನಲ್ಲಿ ವ್ಯಂಗ್ಯವಿರಲಿಲ್ಲ, ಕನಿಕರವಿತ್ತು. ಕಾಲ ಮುಂದೆ ಹೋಗಿದ್ದು ಈ ಮನುಷ್ಯನಿಗೆ ಯಾರೂ ಹೇಳಿಲ್ಲ ಪಾಪ, ಎನ್ನುವ ಹಾಗೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಅವನಿಗೆ ಆ ಮಾತು ಕಲಿಸಿದವರ ಮೇಲೆ. ಮೂರೂವರೆ ಮಿಲಿಮೀಟರಿನ ಒಂದು ತೂತನ್ನು ಮುಚ್ಚಿ, ಮುಚ್ಚಿದ್ದನ್ನೇ ಪ್ರಗತಿ ಎಂದು ಮಾರಿದವರ ಮೇಲೆ.

ಸಾಹಿತ್ಯದ ಓದುಗರಿಗೆ ಇದೇನು ರಿಪೇರಿ ಅಂಗಡಿಯ ತಕರಾರು ಎನ್ನಬೇಡಿ. ನಾನು ಕಾಸು ಕೊಟ್ಟು ತಂದ ವಸ್ತುವಿಗೆ ಇನ್ನೊಂದನ್ನು ಸಿಕ್ಕಿಸಲು ಯಾರ ಅಪ್ಪಣೆ ಬೇಕು ಎನ್ನುವ ಪ್ರಶ್ನೆಯ ಹಿಂದೆ ಮುಕ್ಕಾಲು ಶತಮಾನದ ಜಗಳವಿದೆ. ಅದನ್ನು ಮರೆತಿರುವುದರಿಂದಲೇ ನಾವು ಇಷ್ಟು ಸುಲಭವಾಗಿ ಸೋಲುತ್ತಿದ್ದೇವೆ.

ಮೊದಲು ಈ ತೂತಿನ ವಂಶಾವಳಿ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಆಪರೇಟರುಗಳು ಹಲಗೆಯ ಮುಂದೆ ಕೂತು, ತಂತಿಯ ತುದಿಯನ್ನು ಒಂದು ತೂತಿನಿಂದ ಕಿತ್ತು ಇನ್ನೊಂದಕ್ಕೆ ಚುಚ್ಚಿ ಊರವರ ಮಾತು ಜೋಡಿಸುತ್ತಿದ್ದರು. ಅದಕ್ಕೆ ಬಂದದ್ದು ಕಾಲು ಇಂಚಿನ, ಅಂದರೆ 6.35 ಮಿಲಿಮೀಟರಿನ ಪ್ಲಗ್. ‘ಜಾಕ್’ ಎನ್ನುವ ಹೆಸರು ಮಡಚುವ ಚಾಕುವಿನಿಂದ, ಜಾಕ್‌ನೈಫಿನಿಂದ, ಬಂತು. ಇವತ್ತೂ ಎಲೆಕ್ಟ್ರಿಕ್ ಗಿಟಾರಿಗೆ ಚುಚ್ಚುವುದು ಅದನ್ನೇ. ಟ್ರಾನ್ಸಿಸ್ಟರ್ ರೇಡಿಯೋ ಕಾಲದಲ್ಲಿ ಅದು ಕುಗ್ಗಿ 3.5 ಮಿಲಿಮೀಟರಾಯಿತು. 1979ರಲ್ಲಿ ಬಂದ ಸೋನಿಯ ಮೊದಲ ವಾಕ್‌ಮನ್‌ನಲ್ಲಿ ಇಂಥ ಎರಡು ತೂತುಗಳಿದ್ದವು, ಇಬ್ಬರು ಒಟ್ಟಿಗೆ ಹಾಡು ಕೇಳಲಿ ಎಂದು.

ಇದರ ವಿನ್ಯಾಸ ನೋಡಿ. ತುದಿ ಎಡಗಿವಿಗೆ, ನಡುವಿನ ಉಂಗುರ ಬಲಗಿವಿಗೆ, ಬುಡ ಎರಡಕ್ಕೂ ಸಮಾನ. ದುಂಡಗಿರುವುದರಿಂದ ತಲೆಕೆಳಗಾಗುವ ಪ್ರಶ್ನೆಯೇ ಇಲ್ಲ. ಕತ್ತಲಲ್ಲಿ ಸಿಕ್ಕಿಸಬಹುದು, ಕಣ್ಣು ಕಾಣದವರು ಸಿಕ್ಕಿಸಬಹುದು. ಯಾವ ಕಂಪನಿಯ ಇಯರ್‌ಫೋನೂ ಯಾವ ಕಂಪನಿಯ ರೇಡಿಯೋಕ್ಕೂ ಹೊಂದುತ್ತದೆ. ‘ನೀನು ಯಾರು?’ ಎಂದು ಅದು ಯಾರನ್ನೂ ಕೇಳುವುದಿಲ್ಲ.

ಕೇಳುತ್ತಿದ್ದ ಕಾಲವೂ ಇತ್ತು. ಅಮೆರಿಕದಲ್ಲಿ ಎಟಿ ಅಂಡ್ ಟಿ ಕಂಪನಿ ಫೋನನ್ನು ಮಾರುತ್ತಿರಲಿಲ್ಲ, ಬಾಡಿಗೆಗೆ ಕೊಡುತ್ತಿತ್ತು. ಅದಕ್ಕೆ ಹೊರಗಿನದೇನನ್ನೂ ತಗುಲಿಸುವ ಹಾಗಿರಲಿಲ್ಲ. ಹಷ್-ಎ-ಫೋನ್ ಎಂಬ ಒಂದು ಬಟ್ಟಲಿತ್ತು. ಫೋನಿನ ಬಾಯಿಗೆ ಅದನ್ನು ಸಿಕ್ಕಿಸಿಕೊಂಡರೆ ಪಕ್ಕದವರಿಗೆ ಮಾತು ಕೇಳುತ್ತಿರಲಿಲ್ಲ. ಅಷ್ಟೇ. ಅದರೊಳಗೆ ಒಂದೆಳೆ ತಂತಿಯೂ ಇರಲಿಲ್ಲ. ಆದರೂ ಕಂಪನಿ ಅದನ್ನು ನಿಷೇಧಿಸಿತು. ಸರ್ಕಾರದ ಸಂಪರ್ಕ ಆಯೋಗ ಕಂಪನಿಯ ಪರ ನಿಂತಿತು. 1956ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಬೇಕಾಯಿತು: ಇತರರಿಗೆ ತೊಂದರೆಯಾಗದಂತೆ ತನ್ನ ಅನುಕೂಲಕ್ಕೆ ಫೋನು ಬಳಸುವುದು ಗ್ರಾಹಕನ ಹಕ್ಕು ಎಂದು. ಆಮೇಲೆ ಟೆಕ್ಸಾಸಿನ ಥಾಮಸ್ ಕಾರ್ಟರ್ ಎಂಬಾತ ವೈರ್‌ಲೆಸ್ ರೇಡಿಯೋವನ್ನು ಫೋನಿಗೆ ಹೊಂದಿಸುವ ಕಾರ್ಟರ್‌ಫೋನ್ ಮಾಡಿದ. ಮತ್ತೆ ಅದೇ ಜಗಳ. 1968ರಲ್ಲಿ ಆಯೋಗವೇ ಕಾರ್ಟರನ ಪರ ತೀರ್ಪಿತ್ತಿತು. ಕಂಪನಿ ಸುಮ್ಮನಾಗಲಿಲ್ಲ. ಹೊರಗಿನ ಯಂತ್ರ ಸಿಕ್ಕಿಸಬೇಕಾದರೆ ನಡುವೆ ನಮ್ಮದೊಂದು ‘ರಕ್ಷಣಾ ಸಾಧನ’ ಬಾಡಿಗೆಗೆ ಪಡೆಯಿರಿ ಎಂದಿತು. 1970ರ ದಶಕದ ನಡುವಿನಲ್ಲಿ ಆಯೋಗ ಆ ದಾರಿಯನ್ನೂ ಮುಚ್ಚಿತು: ನಿಯಮಕ್ಕೆ ಒಪ್ಪುವ ಯಂತ್ರವನ್ನು ನೋಂದಾಯಿಸಿದರೆ ಸಾಕು, ಯಾರು ಬೇಕಾದರೂ ಗೋಡೆಯ ಜಾಕಿಗೆ ಸಿಕ್ಕಿಸಬಹುದು.

ಆರ್‌ಜೆ ಎಂದರೆ ‘ರಿಜಿಸ್ಟರ್ಡ್ ಜಾಕ್’, ನೋಂದಾಯಿತ ಜಾಕ್. ಎಂಜಿನಿಯರಿಂಗ್ ಲ್ಯಾಬಿನಲ್ಲಿ ನೀವು ಆರ್‌ಜೆ45 ಎಂದು ಬಾಯಿಪಾಠ ಮಾಡಿದ ಹೆಸರಿನಲ್ಲಿ ಆ ಜಗಳದ ಫಲ ಅಡಗಿದೆ. ಅಲ್ಲಿಂದ ಮುಂದೆ ಉತ್ತರಿಸುವ ಯಂತ್ರ, ಫ್ಯಾಕ್ಸ್, ಮೋಡೆಮ್ ಎಲ್ಲವೂ ಗೋಡೆಗೆ ಬಂದು ಕೂತವು. ಮನೆಮನೆಗೆ ಇಂಟರ್ನೆಟ್ ಹೊಕ್ಕಿದ್ದು ಮೊದಲು ಆ ತೂತಿನಿಂದಲೇ.

ಅದರ ವಿನ್ಯಾಸದಲ್ಲೂ ಒಂದು ಸೌಜನ್ಯವಿದೆ. ನೆಟ್‌ವರ್ಕ್ ಕೇಬಲ್ ಕ್ರಿಂಪ್ ಮಾಡುವಾಗ ಎಲ್ಲರೂ ಎಡವುವುದು ಹಸಿರು ಜೋಡಿಯಲ್ಲಿ. ಒಂದೆಳೆ ಮೂರನೆಯ ಪಿನ್ನಿಗೆ, ಇನ್ನೊಂದು ಆರನೆಯದಕ್ಕೆ. ಇದೇನು ಹುಚ್ಚು, ಜೋಡಿಯನ್ನು ಯಾಕೆ ಅಗಲಿಸಿದರು ಎಂದು ನಾನೂ ಬೈದುಕೊಂಡಿದ್ದೇನೆ. ನಡುವಿನ ನಾಲ್ಕು ಮತ್ತು ಐದನೆಯ ಪಿನ್ನುಗಳನ್ನು ಹಳೆಯ ಫೋನಿನ ಜೋಡಿಗೆ ಬಿಟ್ಟುಕೊಟ್ಟಿದ್ದಾರೆ. ಫೋನಿನ ಚಿಕ್ಕ ಪ್ಲಗ್ ದೊಡ್ಡ ಜಾಕಿನ ನಡುವೆ ಬಂದು ಕೂರಲಿ ಎಂದು ಹೊಸಬರು ಎರಡೂ ಕಡೆ ಸರಿದು ಕೂತರು. ಹಳೆಯದನ್ನು ಮನೆಯಿಂದ ಓಡಿಸದೆ ಹೊಸದನ್ನು ಕರೆಯುವುದು ಸಾಧ್ಯ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಈಗ 2016ರ ಸೆಪ್ಟೆಂಬರಿಗೆ ಬನ್ನಿ. ಐಫೋನ್ 7ರಿಂದ ಇಯರ್‌ಫೋನ್ ಜಾಕನ್ನು ಕಿತ್ತುಹಾಕಿದ ಆ್ಯಪಲ್, ವೇದಿಕೆಯ ಮೇಲೆ ನಿಂತು ಅದಕ್ಕೆ ಕೊಟ್ಟ ಕಾರಣ ‘ಧೈರ್ಯ’. ಅದೇ ದಿನ ಅದೇ ವೇದಿಕೆಯಲ್ಲಿ ತಂತಿಯಿಲ್ಲದ ಏರ್‌ಪಾಡ್ಸನ್ನೂ ಪರಿಚಯಿಸಿತು. ಊರಿನ ಬಾವಿ ಮುಚ್ಚಿಸಿ, ಆ ಸಂಜೆಯೇ ನೀರಿನ ಟ್ಯಾಂಕರು ತಂದು ನಿಲ್ಲಿಸುವುದಕ್ಕೆ ಧೈರ್ಯ ಬೇಕು, ಒಪ್ಪುತ್ತೇನೆ.

ಫೋನಿನೊಳಗೆ ಜಾಗ ಸಾಲದು, ತೂತಿದ್ದರೆ ನೀರು ನುಗ್ಗುತ್ತದೆ ಎನ್ನುತ್ತಾರೆ. ಅದೇ ವರ್ಷದ ಮಾರ್ಚಿನಲ್ಲಿ ಬಂದಿದ್ದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್7ರಲ್ಲಿ ಜಾಕೂ ಇತ್ತು, ಐಪಿ68 ದರ್ಜೆಯ ನೀರುನಿರೋಧವೂ ಇತ್ತು. ಕೆಲವೇ ವರ್ಷಗಳಲ್ಲಿ ಸ್ಯಾಮ್‌ಸಂಗ್ ಕೂಡ ತನ್ನ ದುಬಾರಿ ಫೋನುಗಳಿಂದ ಜಾಕನ್ನು ತೆಗೆದುಬಿಟ್ಟಿತು. ನೀರಿನ ಭಯದಿಂದಂತೂ ಅಲ್ಲ.

ತಂತಿಯಿಲ್ಲದ್ದು ಅನುಕೂಲ, ನಿಜ. ಓಡುವವರಿಗೆ, ಬಸ್ಸಿನಲ್ಲಿ ನೇತಾಡುವವರಿಗೆ ಇನ್ನೂ ಅನುಕೂಲ. ಬೇಕಾದವರು ಕೊಳ್ಳಲಿ. ಆದರೆ ಕಿವಿಯೊಳಗಿನ ಆ ಕಡಲೆಕಾಯಿ ಗಾತ್ರದ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೊರಗುತ್ತದೆ. ಬದಲಿಸುವ ಹಾಗೆ ಅದನ್ನು ಮಾಡಿರುವುದಿಲ್ಲ. ತಂತಿಯ ಇಯರ್‌ಫೋನಿನಲ್ಲಿ ಸಾಯಲು ಬ್ಯಾಟರಿಯೇ ಇಲ್ಲ. ಪ್ಲಗ್ಗಿನ ಬುಡದಲ್ಲಿ ತಂತಿ ತುಂಡಾದರೆ ಬೆಸುಗೆ ಹಾಕುವ ಕೈ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವತ್ತೂ ಸಿಗುತ್ತದೆ.

ಹೋದದ್ದು ಹಾಡಷ್ಟೇ ಅಲ್ಲ. ಫೋನಿನಲ್ಲಿ ಎಫ್‌ಎಂ ರೇಡಿಯೋ ಕೇಳಿದವರಿಗೆ ಗೊತ್ತು, ಇಯರ್‌ಫೋನಿನ ತಂತಿಯೇ ಅದಕ್ಕೆ ಆಂಟೆನಾ. ನೆರೆ ಬಂದು ಮೊಬೈಲ್ ಟವರುಗಳು ಮಲಗಿದಾಗಲೂ ಆಕಾಶವಾಣಿ ಮಾತಾಡಬಲ್ಲದು. 2023ರಲ್ಲಿ ಕೇಂದ್ರ ಸರ್ಕಾರದ ಐಟಿ ಸಚಿವಾಲಯ, ಫೋನುಗಳಲ್ಲಿ ಎಫ್‌ಎಂ ಇರಲಿ ಎಂದು ತಯಾರಕರಿಗೆ ಸಲಹೆ ಕೊಟ್ಟಾಗ ವಿಪತ್ತಿನ ಕಾಲದ ಈ ಉಪಯೋಗವನ್ನೂ ಹೇಳಿತ್ತು. ರೇಡಿಯೋ ಇರಲಿ ಎಂದವರು ಅದರ ಆಂಟೆನಾ ಸಿಕ್ಕಿಸುವ ತೂತು ಎಲ್ಲಿ ಎಂದೂ ಕೇಳಬೇಕಿತ್ತಲ್ಲವೇ?

ಇನ್ನೊಂದು ಉದಾಹರಣೆ. ಅಮೆರಿಕದ ಸ್ಕ್ವೇರ್ ಕಂಪನಿ ಶುರುವಿನಲ್ಲಿ ಇದೇ ಜಾಕಿಗೆ ಸಿಕ್ಕಿಸುವ ಪುಟ್ಟ ಕಾರ್ಡ್ ರೀಡರ್ ಮಾಡಿತು. ಕಾರ್ಡಿನ ಕಪ್ಪು ಪಟ್ಟಿಯ ಮಾಹಿತಿ ಶಬ್ದದ ರೂಪದಲ್ಲಿ ಫೋನಿನೊಳಗೆ ಹೋಗುತ್ತಿತ್ತು. ಸಣ್ಣ ವ್ಯಾಪಾರಿಯೂ ಕಾರ್ಡಿನಲ್ಲಿ ದುಡ್ಡು ಪಡೆಯುವಂತಾಯಿತು. ಹಾಡು ಕೇಳಲೆಂದು ಮಾಡಿದ ತೂತಿನಲ್ಲಿ ವ್ಯಾಪಾರ ನಡೆಯಬಹುದೆಂದು ಯಾರೂ ಮೊದಲೇ ಎಣಿಸಿರಲಿಲ್ಲ. ಎಲ್ಲರಿಗೂ ತೆರೆದ ಬಾಗಿಲಿನಿಂದ ಯಾರು ಏನು ಹೊತ್ತು ತರುತ್ತಾರೋ ಕಟ್ಟಿದವನಿಗೂ ಗೊತ್ತಿರುವುದಿಲ್ಲ.

ಮುಚ್ಚಿದ ಬಾಗಿಲು ಹೇಗಿರುತ್ತದೆ ಎನ್ನಲು 2012ರಲ್ಲಿ ಬಂದ ಲೈಟ್ನಿಂಗ್ ಕೇಬಲ್ ಸಾಕು. ಅದರ ತುದಿಯಲ್ಲಿ ಗುರುತು ಹೇಳುವ ಒಂದು ಚಿಪ್ ಇತ್ತು. ಪರವಾನಗಿಯಿಲ್ಲದ ಕೇಬಲ್ ಚುಚ್ಚಿದರೆ ಫೋನು ಪರದೆಯ ಮೇಲೆ ತಕರಾರು ತೆಗೆಯುತ್ತಿತ್ತು. ಬಟ್ಟಲು ನಿಷೇಧಿಸಿದ ಹಳೆಯ ಕಂಪನಿಗೆ ಕೋರ್ಟಿಗೆ ಹೋಗುವ ಶ್ರಮವಾದರೂ ಇತ್ತು.

2022ರಲ್ಲಿ ಯುರೋಪಿಯನ್ ಒಕ್ಕೂಟ ಕಾನೂನು ತಂದಿತು: 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಫೋನುಗಳಿಗೆಲ್ಲ ಯುಎಸ್‌ಬಿ-ಸಿ ಇರಲೇಬೇಕು. ಎಸೆದ ಮತ್ತು ಬಳಸದೆ ಬಿದ್ದಿರುವ ಚಾರ್ಜರುಗಳಿಂದಲೇ ವರ್ಷಕ್ಕೆ 11,000 ಟನ್ ಇ-ಕಸ ಎಂಬ ಅಂದಾಜು ಅವರ ಮುಂದಿತ್ತು. ಇದರಿಂದ ಹೊಸತನ ಸಾಯುತ್ತದೆ ಎಂದು ಆ್ಯಪಲ್ ವಾದಿಸಿತು. 2023ರಲ್ಲಿ ತಾನೇ ಯುಎಸ್‌ಬಿ-ಸಿ ಹಾಕಿಕೊಂಡಿತು. ಹೊಸತನ ಇನ್ನೂ ಉಸಿರಾಡುತ್ತಿದೆ. ನಮ್ಮ ಬಿಐಎಸ್ ಕೂಡ ಯುಎಸ್‌ಬಿ-ಸಿಗೆ ಭಾರತೀಯ ಮಾನಕ ಪ್ರಕಟಿಸಿದೆ.

ಎಲ್ಲರ ಮನೆ ದೋಸೆಯೂ ತೂತೇ. ಯುಎಸ್‌ಬಿ-ಸಿಯಲ್ಲಿ 24 ಪಿನ್ನುಗಳಿಗೆ ಜಾಗವಿದೆ, ಆದರೆ ಎಲ್ಲ ಕೇಬಲಿನಲ್ಲೂ ಅಷ್ಟೂ ತಂತಿ ಇರುವುದಿಲ್ಲ. ನೋಡಲು ಅವಳಿ-ಜವಳಿಯಂಥ ಎರಡು ಕೇಬಲುಗಳಲ್ಲಿ ಒಂದು ಲ್ಯಾಪ್‌ಟಾಪ್ ಚಾರ್ಜ್ ಮಾಡಿ ಪರದೆಗೆ ಚಿತ್ರವನ್ನೂ ಕಳಿಸುತ್ತದೆ, ಇನ್ನೊಂದು ಒಂದು ಸಿನಿಮಾ ಕಾಪಿ ಮಾಡಲು ತಿಣುಕುತ್ತದೆ. ಆಕಾರ ಒಂದು ಮಾಡಿ ಗುಣವನ್ನು ಮರೆಮಾಚುವುದೂ ಮೋಸವೇ. ಹಾಗಾಗಿ ಕೇಬಲಿನ ಮೈಮೇಲೆ ಅದರ ಶಕ್ತಿ ಮತ್ತು ವೇಗ ಎದ್ದು ಕಾಣುವಂತೆ ಅಚ್ಚಾಗಿರಬೇಕು ಎಂದು ಕೇಳಬೇಕಾದವರೂ ನಾವೇ.

ಆ ಅಂಗಡಿಯಲ್ಲಿ ನಾನು ಪಟ್ಟು ಬಿಡಲಿಲ್ಲ. ಹುಡುಗ ಕೊನೆಗೆ ಕೆಳಗಿನ ಗಾಜಿನ ಕಪಾಟಿನಿಂದ ಜಾಕ್ ಇರುವ ಒಂದು ಫೋನು ತೆಗೆದ. ಮೊದಲು ತೋರಿಸಿದ್ದರ ಅರ್ಧ ಬೆಲೆಯೂ ಇರಲಿಲ್ಲ. ‘ಇದು ಅಷ್ಟು ಒಳ್ಳೇದಲ್ಲ ಸಾರ್’ ಎಂದ. ಹೆಚ್ಚು ದುಡ್ಡು ಕೊಟ್ಟವರಿಗೆ ಕಡಿಮೆ ಸ್ವಾತಂತ್ರ್ಯ ಎಂಬ ಈ ಲೆಕ್ಕ ಅವನಿಗೆ ವಿಚಿತ್ರವೆನಿಸಲಿಲ್ಲ. ಹಳೆಯ ಇಯರ್‌ಫೋನು ಜೇಬಿನಲ್ಲೇ ಇತ್ತು, ಸಿಕ್ಕಿಸಿ ನೋಡಿದೆ. ಟಕ್ಕೆಂದು ಕೂತಿತು. ನೀವೂ ಮುಂದಿನ ಸಲ ಅಂಗಡಿಗೆ ಹೋದಾಗ ಆ ತೂತು ಎಲ್ಲಿ ಎಂದು ಕೇಳಿ. ಬೇಡವಾದರೂ ಕೇಳಿ. ಕೇಳುವವರೇ ಇಲ್ಲ ಎನ್ನುವುದೇ ಅವರ ಕೈಲಿರುವ ದೊಡ್ಡ ವಾದ.